ಟೊಮೆಟೊ ಎಷ್ಟು ದೂರದ್ದು, ನೀರು ಎಷ್ಟು ಆಳದ್ದು?

ಶಿವಮೊಗ್ಗ: ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣಕ್ಕೆ ಬೆಳಗಿನ ಜಾವ ಬರುವ ಟೊಮೆಟೊ ಎರಡು ಬಗೆಯದು. ಒಂದು, ಕೋಲಾರ, ಚಿಂತಾಮಣಿ ಕಡೆಯಿಂದ ರಾತ್ರಿಯಿಡೀ ಲಾರಿಯಲ್ಲಿ ಬಂದ, 15 ಕೆ.ಜಿ. ಕ್ರೇಟುಗಳಲ್ಲಿ ಒಂದೇ ಗಾತ್ರಕ್ಕೆ ಆರಿಸಿ ತುಂಬಿದ ಹಣ್ಣು. ಇನ್ನೊಂದು, ಭದ್ರಾವತಿ, ಹೊಳೆಹೊನ್ನೂರು ಸುತ್ತಿನ ಹಳ್ಳಿಗಳಿಂದ ಲಗೇಜ್ ಆಟೊದಲ್ಲಿ ಬಂದ, ಸಣ್ಣದು ದೊಡ್ಡದು ಬೆರೆತ ಹಣ್ಣು. ಮೊದಲನೆಯದು ಬಂದ ದೂರ ಸುಮಾರು 370 ಕಿ.ಮೀ.; ಎರಡನೆಯದು 20 ಕಿ.ಮೀ. ಆಸುಪಾಸು.

ಪರಿಸರದ ಬಗ್ಗೆ ಕಾಳಜಿಯುಳ್ಳ ಗ್ರಾಹಕರು ಎರಡನೆಯದನ್ನು ಆರಿಸಿಕೊಳ್ಳುವುದು ಸಹಜ. ಹತ್ತಿರದಿಂದ ಬಂದ ತರಕಾರಿಯ ಹೆಸರಿನಲ್ಲಿ ಕಡಿಮೆ ಡೀಸೆಲ್ ಉರಿದಿರುತ್ತದೆ ಎಂಬುದು ಅವರ ತರ್ಕ. ತರ್ಕವೇನೋ ಸರಿಯೇ. ಆದರೆ ಅದು ಹೊಗೆಯ ಒಂದು ಮೂಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಣ್ಣು ಲಾರಿ ಹತ್ತುವ ಮುನ್ನವೇ ಅದಕ್ಕಾಗಿ ಪಂಪ್‌ಸೆಟ್ ತಿಂಗಳುಗಟ್ಟಲೆ ಓಡಿರುತ್ತದೆ, ಯೂರಿಯಾ ಮಣ್ಣಿನಲ್ಲಿ ಕರಗಿರುತ್ತದೆ. ಇವೆಲ್ಲವನ್ನೂ ಕೂಡಿಸಿ ನೋಡಿದಾಗ ಲಾರಿ ಓಡಿದ ದೂರಕ್ಕಿಂತಲೂ ನೀರು ಮೇಲೆದ್ದು ಬಂದ ಆಳವೇ ಹೆಚ್ಚಿನ ಸಂದರ್ಭಗಳಲ್ಲಿ ನಿರ್ಣಾಯಕವಾಗುತ್ತದೆ.

ಇಂಗಾಲದ ಲೆಕ್ಕ ಈ ಸೀಮೆಗೆ ತೀರಾ ಹೊಸತೂ ಅಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಕುಲುಮೆಗೆ ಸುರಿದದ್ದು ಮಲೆನಾಡಿನ ಮರಗಳಿಂದ ಮಾಡಿದ ಇದ್ದಿಲನ್ನು. ಒಂದು ಟನ್ ಕಬ್ಬಿಣಕ್ಕೆ ಎಷ್ಟು ಇದ್ದಿಲು ಎಂಬುದು ಅಲ್ಲಿ ಲಾಭ ನಷ್ಟದ ಪ್ರಶ್ನೆ. ಒಂದು ಕೆ.ಜಿ. ತರಕಾರಿಗೆ ಎಷ್ಟು ಇಂಗಾಲ ಎಂಬ ಪ್ರಶ್ನೆಯೂ ಅದೇ ಜಾತಿಯದು. ಚಿಮಣಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಅಳತೆಗೋಲು ಯಾವುದು?

ಒಂದು ವಸ್ತು ತಯಾರಾಗಿ ಗ್ರಾಹಕರ ಕೈ ಸೇರುವವರೆಗೆ ವಾತಾವರಣಕ್ಕೆ ಸೇರಿದ ಹಸಿರುಮನೆ ಅನಿಲಗಳ ಒಟ್ಟು ಮೊತ್ತಕ್ಕೆ ಇಂಗಾಲದ ಹೆಜ್ಜೆಗುರುತು ಎಂದು ಹೆಸರು. ಕೃಷಿಯಲ್ಲಿ ಇಂತಹ ಅನಿಲಗಳು ಮುಖ್ಯವಾಗಿ ಮೂರು. ಡೀಸೆಲ್, ಕಲ್ಲಿದ್ದಲು ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್, ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್, ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ಹೊರಬರುವ ನೈಟ್ರಸ್ ಆಕ್ಸೈಡ್. ಶಾಖವನ್ನು ಹಿಡಿದಿಡುವ ಶಕ್ತಿಯಲ್ಲಿ ಇವು ಸಮಾನವಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರು ವರ್ಷಗಳ ಅವಧಿಗೆ ನೋಡಿದರೆ 1 ಕೆ.ಜಿ. ನೈಟ್ರಸ್ ಆಕ್ಸೈಡ್ 273 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಗದ್ದೆಯ ಮೀಥೇನ್ 1 ಕೆ.ಜಿ.ಗೆ 27 ಕೆ.ಜಿ. ಸಮ. ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದು ಒಟ್ಟುಗೂಡಿಸುವುದು ರೂಢಿ. ಬ್ರಿಟನ್ 2008ರಲ್ಲಿ ಇದಕ್ಕಾಗಿ ಪಿಎಎಸ್ 2050 ಎಂಬ ವಿಧಾನವನ್ನು ಪ್ರಕಟಿಸಿತು. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14067 ಬಂದದ್ದು 2018ರಲ್ಲಿ.

ಎರಡು ಸೀಮೆಗಳ ಬೆಳೆಯನ್ನು ಹೋಲಿಸುವಾಗ ಎಕರೆಗೆ ಎಷ್ಟು ಎಂದು ಕೇಳುವುದಕ್ಕೂ ಕೆ.ಜಿ.ಗೆ ಎಷ್ಟು ಎಂದು ಕೇಳುವುದಕ್ಕೂ ಅಜಗಜಾಂತರವಿದೆ. ಎಕರೆಗೆ ಹೆಚ್ಚು ಹೊಗೆ ಉಗುಳಿದ ಹೊಲ ಎರಡು ಪಟ್ಟು ಇಳುವರಿ ಕೊಟ್ಟಿದ್ದರೆ ಕೆ.ಜಿ. ಲೆಕ್ಕದಲ್ಲಿ ಅದೇ ಹಗುರವಾದೀತು. ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಬೇಕಾದುದು ಕೆ.ಜಿ. ಲೆಕ್ಕ. ಆದ್ದರಿಂದ ಇಲ್ಲಿ ಅದನ್ನೇ ಅನುಸರಿಸಲಾಗಿದೆ. ಮುಂದೆ ಬರುವ ಅಂಕಿಗಳು ಯಾವುದೋ ಒಂದು ಹೊಲದಲ್ಲಿ ಉಪಕರಣ ನೆಟ್ಟು ಅಳೆದವಲ್ಲ. ಒಪ್ಪಿತ ಸೂತ್ರಗಳಿಗೆ ಸಾಮಾನ್ಯ ಸನ್ನಿವೇಶಗಳನ್ನು ಅಳವಡಿಸಿ ಮಾಡಿದ ಗುಣಾಕಾರ. ಯಾವ ಕೃಷಿಕರಾದರೂ ತಮ್ಮ ಅಂಕಿಗಳನ್ನು ಹಾಕಿ ಪರೀಕ್ಷಿಸಬಹುದು. ಬೀಜ, ಕೀಟನಾಶಕ, ಪ್ಲಾಸ್ಟಿಕ್ ಹೊದಿಕೆ, ಗೊಬ್ಬರ ಕಾರ್ಖಾನೆಯ ಹೊಗೆ ಇದರಲ್ಲಿ ಸೇರಿಲ್ಲ. ಅವು ಎರಡೂ ಕಡೆಯ ಮೊತ್ತವನ್ನು ಮೇಲಕ್ಕೇರಿಸುತ್ತವೆ.

ಸಾವಿರ ಅಡಿಯ ನೀರು

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳ ನಾಡೆಂದು ಹೆಸರಾಗಿದ್ದ ಜಿಲ್ಲೆಯಲ್ಲಿ ಕೃಷಿ ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗೆ ಜೋತುಬಿದ್ದಿತು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಈ ಜಿಲ್ಲೆಯ ಹೆಸರು ಖಾಯಂ ಎನ್ನುವಂತಾಗಿದೆ. ಸಾವಿರ ಅಡಿ ಕೊರೆಸಿದ ಬಾವಿಗಳು ಅಲ್ಲಿ ಯಾರಿಗೂ ಅಚ್ಚರಿ ತರುವುದಿಲ್ಲ. ಆ ನೀರಿನ ಒಂದೊಂದು ಹನಿಯನ್ನೂ ಲೆಕ್ಕ ಹಾಕಿ ಹನಿ ನೀರಾವರಿಯಲ್ಲಿ ಹರಿಸಿ, ಗಿಡಗಳಿಗೆ ಕೋಲು ನೆಟ್ಟು ತಂತಿ ಕಟ್ಟಿ, ರಾಜ್ಯದಲ್ಲೇ ಹೆಸರುವಾಸಿಯಾದ ಟೊಮೆಟೊ ಮಾರುಕಟ್ಟೆಯನ್ನು ಅಲ್ಲಿನ ಕೃಷಿಕರು ಕಟ್ಟಿದ್ದಾರೆ. ಅವರ ಕೌಶಲ್ಯದ ಬಗ್ಗೆ ಎರಡು ಮಾತಿಲ್ಲ.

ಇನ್ನು ಗುಣಾಕಾರ. ಒಂದು ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಮೇಲೆತ್ತಲು ಬೇಕಾದ ವಿದ್ಯುತ್ 0.0027 ಯೂನಿಟ್. ಕೇಳಲು ಏನೂ ಅಲ್ಲ. ಆದರೆ ಟೊಮೆಟೊ ಬೆಳೆಗೆ 400ರಿಂದ 600 ಮಿ.ಮೀ. ನೀರು ಬೇಕೆನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ನಡುವಿನ 500 ಮಿ.ಮೀ. ಹಿಡಿದರೆ ಎಕರೆಗೆ ಸುಮಾರು 20 ಲಕ್ಷ ಲೀಟರ್ ಆಯಿತು. ಇದನ್ನು 300 ಮೀಟರ್, ಅಂದರೆ ಸುಮಾರು ಸಾವಿರ ಅಡಿ ಆಳದಿಂದ ಎತ್ತಬೇಕು. ಮೋಟಾರು, ಪಂಪು, ಕೊಳವೆಗಳಲ್ಲಿ ಸೋರಿಹೋಗುವುದು ಕಳೆದು ವಿದ್ಯುತ್ತಿನ ಶೇ. 40 ಭಾಗ ಮಾತ್ರ ನೀರನ್ನು ಎತ್ತುತ್ತದೆ ಎಂದಿಟ್ಟುಕೊಂಡರೆ ಒಂದು ಬೆಳೆಗೆ ಸುಮಾರು 4,100 ಯೂನಿಟ್ ಬೇಕು. ದೇಶದ ವಿದ್ಯುತ್ ಜಾಲದ ಸರಾಸರಿಯಂತೆ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಟ್ಟು 2,860 ಕೆ.ಜಿ. ಆಯಿತು. ಎಕರೆಗೆ 25 ಟನ್ ಇಳುವರಿ ಬಂದರೆ ಒಂದು ಕೆ.ಜಿ. ಟೊಮೆಟೊದ ಪಾಲಿಗೆ ಬರುವುದು 114 ಗ್ರಾಂ.

ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಇಲ್ಲೊಂದು ಆಕ್ಷೇಪ ಹೊಳೆಯಬಹುದು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಮನೆ ಮುಳುಗಿಸಿಕೊಂಡವರ ಜಿಲ್ಲೆಯಿದು. ಶರಾವತಿಯ 1,035 ಮೆಗಾವಾಟ್ ವಿದ್ಯುದಾಗಾರದಲ್ಲಿ ಹೊಗೆಯೆಲ್ಲಿದೆ ಎಂದು ಅವರು ಕೇಳಿದರೆ ತಪ್ಪಿಲ್ಲ. ಆದರೆ ಜಾಲಕ್ಕೆ ಸೇರಿದ ಮೇಲೆ ಶರಾವತಿಯ ವಿದ್ಯುತ್ತು, ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ವಿದ್ಯುತ್ತು ಬೇರೆಬೇರೆಯಾಗಿ ಉಳಿಯುವುದಿಲ್ಲ. ಭದ್ರಾವತಿಯ ಪಂಪ್‌ಸೆಟ್ಟಿಗೆ ಮೆಸ್ಕಾಂ ಕೊಡುವುದೂ ಕೋಲಾರದ ಪಂಪ್‌ಸೆಟ್ಟಿಗೆ ಬೆಸ್ಕಾಂ ಕೊಡುವುದೂ ಒಂದೇ ಜಾಲದ್ದು. ಆದ್ದರಿಂದ ಎರಡೂ ಕಡೆಗೆ ಒಂದೇ ಅಂಕಿಯನ್ನು ಬಳಸುವುದು ನ್ಯಾಯ.

ಯೂರಿಯಾದ ಪಾಲು ಬೇರೆ. ಎಕರೆಗೆ 100 ಕೆ.ಜಿ. ಸಾರಜನಕವನ್ನು ಯೂರಿಯಾ ರೂಪದಲ್ಲಿ ಹಾಕಿದರೆ, ಐಪಿಸಿಸಿ ಸೂತ್ರದಂತೆ ಅದರ ಶೇ. 1 ಭಾಗ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಗಾಳಿಗೆ ಸೇರುತ್ತದೆ. ಇದು 429 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ಮಣ್ಣಿನಲ್ಲಿ ಒಡೆಯುವಾಗ ನೇರವಾಗಿ ಹೊರಡುವ ಇಂಗಾಲದ ಡೈಆಕ್ಸೈಡ್ ಇನ್ನೂ 159 ಕೆ.ಜಿ. ಒಟ್ಟು 588 ಕೆ.ಜಿ. 25 ಟನ್ನಿಗೆ ಹಂಚಿದರೆ ಕೆ.ಜಿ.ಗೆ 24 ಗ್ರಾಂ. ಇಲ್ಲಿಯವರೆಗೆ 138 ಗ್ರಾಂ ಆಯಿತು. ಹಣ್ಣು ಇನ್ನೂ ಹೊಲದ ಬದುವಿನಲ್ಲೇ ಇದೆ.

ಲಾರಿಯ ಪಾಲು

ಹತ್ತು ಟನ್ ಹೇರಿದ ಲಾರಿ ಲೀಟರ್ ಡೀಸೆಲ್‌ಗೆ 4 ಕಿ.ಮೀ. ಓಡುತ್ತದೆ ಎಂದುಕೊಳ್ಳೋಣ. ಕೋಲಾರದಿಂದ ಶಿವಮೊಗ್ಗಕ್ಕೆ 92 ಲೀಟರ್. ಲೀಟರ್ ಡೀಸೆಲ್ ಉರಿದರೆ 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಒಟ್ಟು 248 ಕೆ.ಜಿ.ಯನ್ನು ಹತ್ತು ಸಾವಿರ ಕೆ.ಜಿ. ಹಣ್ಣಿಗೆ ಹಂಚಿದರೆ ಸಿಗುವುದು ಕೇವಲ 25 ಗ್ರಾಂ. ಲಾರಿ ಖಾಲಿ ಮರಳಿತು ಎಂದರೂ 50 ಗ್ರಾಂ ದಾಟದು. ನೀರೆತ್ತಿದ್ದಕ್ಕೆ 114, ಊರಿಂದೂರಿಗೆ ಹೊತ್ತು ತಂದದ್ದಕ್ಕೆ 25! ರಾತ್ರಿಯಿಡೀ ಓಡಿದ ಲಾರಿಗಿಂತ ಬಾವಿಯೊಳಗೆ ಇಳಿಬಿಟ್ಟ ಮೋಟಾರೇ ನಾಲ್ಕು ಪಟ್ಟಿಗೂ ಹೆಚ್ಚು ಭಾರ.

ಅದೇ ಭದ್ರಾವತಿಯಿಂದ 700 ಕೆ.ಜಿ. ಹೇರಿಕೊಂಡು 20 ಕಿ.ಮೀ. ಬರುವ ಸಣ್ಣ ಸರಕು ವಾಹನ ಲೀಟರಿಗೆ 15 ಕಿ.ಮೀ. ಕೊಟ್ಟರೆ ಕೆ.ಜಿ.ಗೆ 5 ಗ್ರಾಂ ಬೀಳುತ್ತದೆ. ದೂರದಲ್ಲಿ ಹದಿನೆಂಟು ಪಟ್ಟು ವ್ಯತ್ಯಾಸವಿದ್ದರೂ ಹೊಗೆಯಲ್ಲಿರುವುದು ಐದು ಪಟ್ಟು ಮಾತ್ರ. ದೊಡ್ಡ ಲಾರಿ ತುಂಬಿ ಬಂದರೆ ಹೊರೆ ಹಂಚಿಹೋಗುತ್ತದೆ. ಸಣ್ಣ ವಾಹನ ಅರ್ಧ ಖಾಲಿ ಓಡಾಡಿದರೆ ಹತ್ತಿರದ ಅನುಕೂಲವೂ ಅರ್ಧವಾಗುತ್ತದೆ.

ನಾಸಿಕದ ಉದಾಹರಣೆಯನ್ನು ತೆಗೆದುಕೊಂಡರೆ ವಿಚಾರ ಇನ್ನಷ್ಟು ಸ್ಪಷ್ಟ. ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 800 ಕಿ.ಮೀ. ಲಾರಿಯ ಪಾಲು 54 ಗ್ರಾಂ. ಆದರೆ ಅಲ್ಲಿ 15 ಮೀಟರ್ ಆಳದ ತೆರೆದ ಬಾವಿಯ ನೀರಿನಲ್ಲಿ ಅಷ್ಟೇ ಇಳುವರಿ ತೆಗೆದವರ ಹಣ್ಣಾಗಿದ್ದರೆ ನೀರಿನ ಪಾಲು 6 ಗ್ರಾಂ, ಗೊಬ್ಬರದ್ದು 24, ಒಟ್ಟು 84 ಗ್ರಾಂ. ಕೋಲಾರದ ಸಾವಿರ ಅಡಿಯ ಬಾವಿಯ ಹಣ್ಣು ಶಿವಮೊಗ್ಗ ತಲುಪುವಾಗ 163 ಗ್ರಾಂ ಹೊತ್ತಿರುತ್ತದೆ. ಎರಡು ಪಟ್ಟಿಗೂ ಹೆಚ್ಚು ದೂರದಿಂದ ಬಂದದ್ದು ಅರ್ಧದಷ್ಟು ಹಗುರ!

ದೂರವನ್ನೇ ನಂಬಿ ಕೆಟ್ಟ ಅನುಭವ ಹೊರದೇಶಗಳಲ್ಲೂ ಆಗಿದೆ. ಬ್ರಿಟನ್ನಿನ ಪರಿಸರ ಮತ್ತು ಆಹಾರ ಇಲಾಖೆಗಾಗಿ 2005ರಲ್ಲಿ ಸಿದ್ಧವಾದ ವರದಿಯೊಂದು ಸ್ವದೇಶಿ ಟೊಮೆಟೊವನ್ನೂ ಸ್ಪೇನಿನಿಂದ ಲಾರಿಯಲ್ಲಿ ಬಂದ ಟೊಮೆಟೊವನ್ನೂ ತೂಗಿ ನೋಡಿತು. ಅನಿಲ ಉರಿಸಿ ಬಿಸಿ ಮಾಡಿದ ಗಾಜಿನ ಮನೆಯಲ್ಲಿ ಬೆಳೆದ ಬ್ರಿಟನ್ನಿನ ಹಣ್ಣಿಗೆ ಟನ್ನಿಗೆ 2,394 ಕೆ.ಜಿ. ಇಂಗಾಲದ ಡೈಆಕ್ಸೈಡ್, ಬಿಸಿಲಿನ ಬಲದಲ್ಲೇ ಬೆಳೆದು ಬಂದ ಸ್ಪೇನಿನ ಹಣ್ಣಿಗೆ 630 ಕೆ.ಜಿ. ಅಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ಬಾವಿಯ ಆಳ ಮಾಡುತ್ತಿದೆ. ಹಾಗೆ ನೋಡಿದರೆ ಬಯಲಿನಲ್ಲಿ ಬೆಳೆಯುವ ನಮ್ಮ ಟೊಮೆಟೊ, ಎಲ್ಲಿಯದೇ ಆಗಲಿ, ಅವರ ಗಾಜಿನ ಮನೆಯ ಹಣ್ಣಿನೆದುರು ಬಹಳ ಹಗುರ ಎಂಬುದನ್ನೂ ಹೇಳಬೇಕು.

ನಾಲೆಯ ಬಯಲು

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿದ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಅದರ ಎಡ ಮತ್ತು ಬಲದಂಡೆ ನಾಲೆಗಳು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಅಚ್ಚುಕಟ್ಟಿಗೆ ನೀರುಣಿಸುತ್ತವೆ. ಭದ್ರಾವತಿ, ಶಿವಮೊಗ್ಗ ತಾಲ್ಲೂಕಿನ ಹಳ್ಳಿಗಳು ಈ ಅಚ್ಚುಕಟ್ಟಿಗೆ ಸೇರಿವೆ. ಇಂಗಾಲದ ಲೆಕ್ಕಕ್ಕೆ ಮುಖ್ಯವಾದ ಸಂಗತಿಯೆಂದರೆ ನಾಲೆಯ ನೀರು ತಾನಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಅದನ್ನೆತ್ತಲು ಯಾರೂ ಕಲ್ಲಿದ್ದಲು ಸುಡಬೇಕಿಲ್ಲ. ತೂಬಿಗಿಂತ ಎತ್ತರದ ಹೊಲಕ್ಕೆ ಸಣ್ಣ ಮೋಟಾರು ಇಟ್ಟು 10 ಮೀಟರ್ ಎತ್ತಿದರೂ ಎಕರೆಗೆ 95 ಕೆ.ಜಿ. ಮಾತ್ರ.

ಹಾಗಾದರೆ ಭದ್ರಾವತಿಯ ಟೊಮೆಟೊ ಗೆದ್ದಂತೆಯೇ? ಇಲ್ಲಿಯೇ ತೊಡಕಿರುವುದು. ಅಚ್ಚುಕಟ್ಟಿನ ಜಿಗುಟು ಮಣ್ಣು ಭತ್ತಕ್ಕೆ ಹದವಾದದ್ದು. ಟೊಮೆಟೊ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರು ನಿಂತರೆ ಸೊರಗು ರೋಗ, ಮಳೆ ಮೋಡ ಹಿಡಿದರೆ ಅಂಗಮಾರಿ, ಬೇಸಿಗೆಯಲ್ಲಿ ಬಿಳಿನೊಣದಿಂದ ಎಲೆ ಮುದುಡು ರೋಗ. ನಾಲೆಯ ನೀರು ಸರದಿಯ ಪ್ರಕಾರ ಒಮ್ಮೆಗೇ ಬರುತ್ತದೆ. ತರಕಾರಿಗೆ ಬೇಕಾದುದು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ. ಆದ್ದರಿಂದ ಕೋಲಾರದ ಇಳುವರಿಯನ್ನು ಇಲ್ಲಿ ನಿರೀಕ್ಷಿಸುವುದು ಕಷ್ಟ. 12 ಟನ್ ಎಂದು ಹಿಡಿದರೆ ಗೊಬ್ಬರದ ಪಾಲು ಕೆ.ಜಿ.ಗೆ 49 ಗ್ರಾಂ, ಅಂದರೆ ಕೋಲಾರದ ಎರಡು ಪಟ್ಟು. ನೀರಿಗೆ 8, ಸಾಗಣೆಗೆ 5. ಒಟ್ಟು 62 ಗ್ರಾಂ. ಕೋಲಾರದ 163ಕ್ಕೆ ಹೋಲಿಸಿದರೆ ಈಗಲೂ ಬಹಳ ಕಡಿಮೆ.

ಆದರೆ ರೋಗ ಬಿದ್ದು ಇಳುವರಿ ಇಳಿದಂತೆಲ್ಲ ಈ ಅಂತರ ಕರಗುತ್ತದೆ. ಎಕರೆಗೆ 4 ಟನ್ ಆಸುಪಾಸಿಗೆ ಬಂದಾಗ ನಾಲೆಯ ಹಣ್ಣೂ ಸಾವಿರ ಅಡಿ ಬಾವಿಯ ಹಣ್ಣೂ ಸರಿಸಮ. ಅದಕ್ಕಿಂತ ಕೆಳಗಿಳಿದರೆ ಕೋಲಾರದ್ದೇ ವಾಸಿ. ಮಳೆಗಾಲದ ನಡುವೆ ಹಟ ಹಿಡಿದು ನಾಟಿ ಮಾಡಿ, ಮೂರು ಬಾರಿ ಔಷಧಿ ಸಿಂಪಡಿಸಿ, ನಾಲ್ಕು ಕ್ರೇಟು ಕಿತ್ತುಕೊಂಡ ಹೊಲದ ಹಣ್ಣನ್ನು ‘ನಮ್ಮೂರಿನದು’ ಎಂಬ ಒಂದೇ ಕಾರಣಕ್ಕೆ ಪರಿಸರಸ್ನೇಹಿ ಎನ್ನಲಾಗದು.

ಇನ್ನೊಂದು ಮಾತು. ಭದ್ರಾವತಿ ತಾಲ್ಲೂಕೆಂದರೆ ಎಲ್ಲವೂ ನಾಲೆಯಲ್ಲ. ನಾಲೆ ತಲುಪದ ಹೊಲದಲ್ಲಿ 300 ಅಡಿ ಕೊಳವೆಬಾವಿಯಿಂದ 12 ಟನ್ ಬೆಳೆದರೆ ನೀರಿನ ಪಾಲು 72 ಗ್ರಾಂ, ಒಟ್ಟು 126 ಗ್ರಾಂ. ನಾಲೆಯ ಪಕ್ಕದ ಹೊಲದ ಎರಡು ಪಟ್ಟು. ಊರು ಒಂದೇ, ನೀರು ಬೇರೆ. ಬುಟ್ಟಿಯ ಮೇಲೆ ಊರಿನ ಹೆಸರು ಬರೆದರೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಕೋಲಾರವೂ ಇದ್ದಲ್ಲೇ ಇಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ನೀರಿನ ಗುಣಮಟ್ಟದ ಬಗೆಗಿನ ವಿವಾದ ಏನೇ ಇರಲಿ, ಕೆರೆಗಳು ತುಂಬಿದ ಕಡೆ ಸುತ್ತಲಿನ ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿದೆ. ನೀರಿನ ಮಟ್ಟ 300 ಮೀಟರಿನಿಂದ 100 ಮೀಟರಿಗೆ ಏರಿದರೆ ಅಲ್ಲಿನ ಟೊಮೆಟೊ 163ರಿಂದ 87 ಗ್ರಾಂಗೆ ಇಳಿಯುತ್ತದೆ. ಆಗ ಪೈಪೋಟಿ ಕೊಡಲು ಭದ್ರಾವತಿಯ ಹೊಲ 8 ಟನ್ನಿಗೂ ಹೆಚ್ಚು ಬೆಳೆಯಬೇಕಾಗುತ್ತದೆ. ಸಂಸ್ಕರಿಸಿದ ನೀರನ್ನು ಬೆಂಗಳೂರಿನಿಂದ ಕೋಲಾರಕ್ಕೆ ಏರಿಸಲೂ ಪಂಪು ಬೇಕು ಎಂಬುದನ್ನು ಮರೆಯಬಾರದು.

ಇನ್ನು ಸೌರಶಕ್ತಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಹೊಲದಲ್ಲೇ ಸೌರ ಪಂಪ್‌ಸೆಟ್ ಕೂರಿಸಲು ಕೇಂದ್ರ ಸರ್ಕಾರ 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಜಾರಿಗೆ ತಂದಿತು. ಕೋಲಾರದ ಪಂಪು ಪೂರ್ತಿಯಾಗಿ ಬಿಸಿಲಿನಿಂದಲೇ ಓಡಿದರೆ, ಫಲಕ ತಯಾರಿಕೆಯ ಹೊಗೆಯನ್ನು ಬಿಟ್ಟು, ಅಲ್ಲಿನ ಹಣ್ಣಿನ ಮೊತ್ತ 49 ಗ್ರಾಂ. ನಾಲೆಯ 62ಕ್ಕಿಂತ ಕಡಿಮೆ! ಮೋಟಾರಿಗೆ ಹೊಗೆಯಿಲ್ಲದ ವಿದ್ಯುತ್ತು ಸಿಕ್ಕಿದ ಮಾತ್ರಕ್ಕೆ ಅಂತರ್ಜಲ ಮರಳಿ ತುಂಬುವುದಿಲ್ಲ ಎಂಬುದು ಬೇರೆಯೇ ಲೆಕ್ಕ. ಬಿಟ್ಟಿ ಬಿಸಿಲಿನಲ್ಲಿ ಬಾವಿಯನ್ನು ಇನ್ನಷ್ಟು ಬೇಗ ಬರಿದು ಮಾಡಲೂ ಸಾಧ್ಯ. ಟೊಮೆಟೊ ಗಿಡಕ್ಕೆ ಆಸರೆಯಾಗಿ ಅಲ್ಲಿ ನೆಡುವ ನೀಲಗಿರಿ ಕೋಲಿಗೂ ಇದೇ ಮಾತು ಅನ್ವಯಿಸುತ್ತದೆ. ಅಂತರ್ಜಲ ಹೀರುತ್ತದೆಂಬ ಕಾರಣಕ್ಕೆ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಕೊಳೆತ ಹಣ್ಣಿನ ಬಾಕಿ

2023ರ ಜುಲೈನಲ್ಲಿ ಚಿಲ್ಲರೆ ಮಾರುಕಟ್ಟೆಯಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಆಗಸ್ಟಿನಲ್ಲಿ ನೇಪಾಳದಿಂದ ಆಮದು ಮಾಡಿಕೊಳ್ಳುವ ಸ್ಥಿತಿ ದೇಶಕ್ಕೆ ಬಂತು. ಆ ಬೆಲೆ ನೋಡಿ ನಾಟಿ ಮಾಡಿದವರ ಬೆಳೆ ಸೆಪ್ಟೆಂಬರಿನಲ್ಲಿ ಒಮ್ಮೆಗೇ ಬಂದಾಗ ಬೆಲೆ ಕುಸಿದು, ಕೀಳುವ ಕೂಲಿಯೂ ಹುಟ್ಟದಾಯಿತು. ಹೀಗೆ ಕೀಳದೆ ಬಿಟ್ಟ ಒಂದು ಎಕರೆ, ಅದು ಸಾವಿರ ಅಡಿ ಬಾವಿಯದಾಗಿದ್ದರೆ, 3,400 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸಿ ಒಂದು ಹಣ್ಣನ್ನೂ ಅಡುಗೆಮನೆಗೆ ಕೊಟ್ಟಿರುವುದಿಲ್ಲ. ಈ ಹೊಗೆಯನ್ನು ಯಾರ ಬುಟ್ಟಿಗೆ ಹಾಕಬೇಕು? ಕೆ.ಜಿ. ಲೆಕ್ಕದಲ್ಲಿ ಅದು ಎಲ್ಲಿಯೂ ಕಾಣಿಸಿಕೊಳ್ಳುವುದೇ ಇಲ್ಲ.

ಸಾಮಾನ್ಯ ವರ್ಷಗಳಲ್ಲೂ ನಷ್ಟ ತಪ್ಪಿದ್ದಲ್ಲ. ಕೊಯ್ಲಿನಿಂದ ಗ್ರಾಹಕರವರೆಗಿನ ದಾರಿಯಲ್ಲಿ ಟೊಮೆಟೊ ಸುಮಾರು ಶೇ. 12ರಷ್ಟು ಹಾಳಾಗುತ್ತದೆಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ 2015ರ ಅಧ್ಯಯನ ಅಂದಾಜಿಸಿತ್ತು. ಇದನ್ನು ಸೇರಿಸಿದರೆ 163 ಗ್ರಾಂ 185 ಆಗುತ್ತದೆ. ಕೊಳೆತದ್ದು ತಿಪ್ಪೆಯ ಅಡಿಯಲ್ಲಿ ಗಾಳಿಯಿಲ್ಲದೆ ಹುದುಗಿದರೆ ಮೀಥೇನ್ ಬೇರೆ. ರೋಗ ತಡೆಯುವ ತಳಿಯ ಬೆಲೆ ತಿಳಿಯುವುದು ಇಲ್ಲಿಯೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಮಿಶ್ರತಳಿ. ಹೆಕ್ಟೇರಿಗೆ 75ರಿಂದ 80 ಟನ್ ಕೊಡಬಲ್ಲದೆಂದು ಸಂಸ್ಥೆ ಹೇಳುತ್ತದೆ. ಅದರ ಅರ್ಧ ಇಳುವರಿ ಅಚ್ಚುಕಟ್ಟಿನಲ್ಲಿ ಬಂದರೂ ಎಕರೆಗೆ 15 ಟನ್ ಆದೀತು.

ಕೊನೆಯ ಕಿಲೋಮೀಟರಿನ ವಿಚಾರ ಚಿಕ್ಕದಾದರೂ ಬಿಡುವಂತಿಲ್ಲ. ವಿನೋಬನಗರದಿಂದ ಗಾಂಧಿ ಬಜಾರಿಗೆ ಸ್ಕೂಟರಿನಲ್ಲಿ ಹೋಗಿ ಬರಲು 5 ಕಿ.ಮೀ. ಎಂದರೆ, ಲೀಟರಿಗೆ 50 ಕಿ.ಮೀ. ಓಡುವ ವಾಹನದಲ್ಲಿ 231 ಗ್ರಾಂ ಇಂಗಾಲದ ಡೈಆಕ್ಸೈಡ್. ಎರಡು ಕೆ.ಜಿ. ಟೊಮೆಟೊಕ್ಕೆಂದೇ ಹೋಗಿದ್ದರೆ ಕೆ.ಜಿ.ಗೆ 115 ಗ್ರಾಂ! ಕೋಲಾರದ ಲಾರಿಯ ನಾಲ್ಕು ಪಟ್ಟು. ಮನೆ ಬಾಗಿಲಿಗೆ ಬರುವ ತಳ್ಳುಗಾಡಿಯವರು ಈ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಾರೆ.

ಭತ್ತದ ಗದ್ದೆಯಲ್ಲಿ ತರಕಾರಿ

ಭದ್ರಾ ಅಚ್ಚುಕಟ್ಟಿನ ಮಟ್ಟಿಗೆ ನಿಜವಾದ ಪ್ರಶ್ನೆ ಕೋಲಾರದೊಂದಿಗಿನ ಪೈಪೋಟಿಯದಲ್ಲ. ಬೇಸಿಗೆಯಲ್ಲಿ ಅದೇ ಗದ್ದೆಯಲ್ಲಿ ಏನು ಬೆಳೆಯಬೇಕೆಂಬುದು. ಜಲಾಶಯದಲ್ಲಿ ನೀರು ಕಡಿಮೆಯಿದ್ದ ವರ್ಷ ಬೇಸಿಗೆ ಭತ್ತ ಬೇಡ, ಅರೆ ನೀರಾವರಿ ಬೆಳೆ ಬೆಳೆಯಿರಿ ಎಂಬ ಸೂಚನೆ ಅಚ್ಚುಕಟ್ಟಿಗೆ ಬರುವುದುಂಟು. ನಾಲೆಯ ಕೊನೆಯ ಭಾಗದವರಿಗಂತೂ ಸೂಚನೆ ಇಲ್ಲದಿದ್ದರೂ ಅದೇ ಗತಿ.

ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದ ದಕ್ಷಿಣ ಏಷ್ಯಾದಲ್ಲಿ ಹೆಕ್ಟೇರಿಗೆ ದಿನಕ್ಕೆ 0.85 ಕೆ.ಜಿ. ಮೀಥೇನ್ ಹೊರಡುತ್ತದೆಂಬುದು ಐಪಿಸಿಸಿ 2019ರಲ್ಲಿ ಕೊಟ್ಟ ಅಂಕಿ. 120 ದಿನದ ಬೆಳೆಗೆ ಎಕರೆಗೆ ಸುಮಾರು 1,100 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಗೊಬ್ಬರದ ಪಾಲು ಇದರ ಮೇಲೆ. ಅದೇ ಗದ್ದೆಯ ಟೊಮೆಟೊಕ್ಕೆ ನೀರು, ಗೊಬ್ಬರ ಎಲ್ಲ ಸೇರಿ 683 ಕೆ.ಜಿ. ಹಾಗೆಂದು ಅನ್ನದ ಬದಲಿಗೆ ಟೊಮೆಟೊ ತಿನ್ನಲು ಬರುವುದಿಲ್ಲ. ಎಲ್ಲರೂ ತರಕಾರಿಗೆ ಇಳಿದರೆ ಬೆಲೆಯ ಗತಿಯೇನೆಂಬುದನ್ನು 2023ರ ಸೆಪ್ಟೆಂಬರ್ ತೋರಿಸಿದೆ. ಭತ್ತ ಬಿಟ್ಟವರು ಹೆಚ್ಚಾಗಿ ತರಕಾರಿಯತ್ತ ಬಾರದೆ ಅಡಿಕೆಯತ್ತ ಹೋಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಗದ್ದೆಯನ್ನು ನಡುನಡುವೆ ಒಣಗಿಸಿದರೆ ಮೀಥೇನ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. 2023ರ ಬರದಲ್ಲಿ ಭದ್ರಾ ನಾಲೆಗೆ ನೀರನ್ನು ಬಿಟ್ಟು ನಿಲ್ಲಿಸಿ ಕೊಡುವ ಆನ್ ಅಂಡ್ ಆಫ್ ಪದ್ಧತಿಯ ವಿರುದ್ಧ ರೈತರು ಬೀದಿಗಿಳಿದಿದ್ದರು. ತೆನೆ ಕಟ್ಟುವ ಹೊತ್ತಿನಲ್ಲಿ ನೀರು ನಿಂತ ರೈತರಿಗೆ ಮೀಥೇನ್ ಕಡಿಮೆಯಾಯಿತೆಂಬ ಸಮಾಧಾನ ಯಾವ ಪ್ರಯೋಜನಕ್ಕೂ ಬಾರದು. ಒಣಗಿಸುವ ದಿನಗಳನ್ನು ಬೆಳೆಯ ಹಂತಕ್ಕೆ ಹೊಂದಿಸಿ ಮೊದಲೇ ತಿಳಿಸಿದರೆ ಮಾತ್ರ ಅದು ಪದ್ಧತಿ. ಇಲ್ಲವಾದರೆ ಅದು ಬರಗಾಲ.

ಸ್ವಂತ ಲೆಕ್ಕ

ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೂ ಇಲ್ಲ. ಹೀಗಾಗಿ ಎಷ್ಟು ಯೂನಿಟ್ ಖರ್ಚಾಯಿತೆಂಬುದು ಬಿಲ್ಲಿನಲ್ಲಿ ಸಿಗುವುದಿಲ್ಲ. ಆದರೆ ಅಂದಾಜು ಕಷ್ಟವಲ್ಲ. 10 ಅಶ್ವಶಕ್ತಿಯ ಮೋಟಾರು ಏಳು ಗಂಟೆ ಓಡಿದರೆ ಸುಮಾರು 52 ಯೂನಿಟ್, ಅಂದರೆ ದಿನಕ್ಕೆ 36 ಕೆ.ಜಿ. ಇಂಗಾಲದ ಡೈಆಕ್ಸೈಡ್. ಸಾವಿರ ಅಡಿ ಬಾವಿಯಿಂದ ಒಂದು ಎಕರೆಗೆ ನೀರುಣಿಸಲು ಇಂತಹ ಸುಮಾರು 79 ದಿನ ಬೇಕಾಗುತ್ತದೆ. ಓಡಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮೀಟರಿನ ಕೆಲಸ ಅರ್ಧ ಮುಗಿದಂತೆ.

ನಾಲೆಯ ನೀರಿನವರು ಎಣಿಸಬೇಕಾದದ್ದು ಯೂರಿಯಾ ಚೀಲಗಳನ್ನು. 45 ಕೆ.ಜಿ.ಯ ಒಂದು ಚೀಲದಿಂದ ಹೊಲದಲ್ಲೇ ಹೊರಡುವುದು ಸುಮಾರು 122 ಕೆ.ಜಿ. ಐದು ಚೀಲ ಹಾಕಿ ಎಕರೆಗೆ 800 ಕ್ರೇಟು ಕಿತ್ತವರ ಒಂದು ಕ್ರೇಟಿನ ಮೇಲೆ ಬೀಳುವುದು 760 ಗ್ರಾಂ. ಅದೇ ಐದು ಚೀಲ ಹಾಕಿ, ಸೊರಗು ರೋಗಕ್ಕೆ ಅರ್ಧ ಗಿಡ ಕಳೆದುಕೊಂಡು 400 ಕ್ರೇಟಿಗೆ ನಿಂತವರ ಕ್ರೇಟಿನ ಮೇಲೆ ಒಂದೂವರೆ ಕೆ.ಜಿ.